ಪುಸ್ತಕ ಹಿಡಿದ ಅಪ್ಪನನ್ನು ನೋಡಿ ನಗಬೇಡಿ

ಸಾಲಾಗಿ ನೈಟ್ ಡ್ಯೂಟಿ ಇತ್ತು, ಬರೆಯಲಾಗಲಿಲ್ಲ. ಇವತ್ತು ರಜೆ. ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಡೆದ ತಮಾಷೆ ಬಗ್ಗೆ ಎರಡು ಮಾತು ಹೇಳಲೇಬೇಕು.

ಇಲ್ಲೇ ಇಂಗ್ಲೆಂಡಿನಲ್ಲಿರುವ ಚಿಕ್ಕಮ್ಮನ ಮಗ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ದಪ್ಪ ಪುಸ್ತಕ ಹಿಡಿದ ಫೋಟೋ ಹಾಕಿದ. "ಎಕ್ಸಾಮ್ ಯಾವಾಗ?" ಅಂತ ಭಾವ. "ನಿಮ್ಮಪ್ಪ ಯಾವ ಪುಸ್ತಕ ಓದಿ ನಿನ್ನ ಸಾಕಿದ್ದು?" ಅಂತ ದೊಡ್ಡಪ್ಪ.

ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಅವನಪ್ಪ ಸಾಕಲಿಲ್ಲ, ಅಜ್ಜಿ ಸಾಕಿದ್ದು. ಹಂಡೆ ನೀರು ಕಾಯಿಸಿ, ಕಾಲು ಚಾಚಿ ಕೂತು ಎರೆಯೋರು ಒಬ್ಬರು, ಬಾಣಂತಿಗೆ ಮೆಣಸಿನ ಸಾರು ಮಾಡೋರು ಇನ್ನೊಬ್ಬರು. ಗಂಡಸರು ಬಾಣಂತಿ ಕೋಣೆ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು, ಅಷ್ಟೇ. ಇಲ್ಲಿ ಹೆರಿಗೆ ಸಲೀಸಾದರೆ ಮಾರನೇ ದಿನವೇ ಮನೆಗೆ ಕಳಿಸುತ್ತಾರೆ. ಕಾನೂನು ಪ್ರಕಾರ ಅಪ್ಪನಿಗೆ ಸಿಗುವ ರಜೆ 2 ವಾರ. ಚಿಕ್ಕಮ್ಮನ ವೀಸಾ ಇನ್ನೂ ಬಂದಿಲ್ಲ. ರಾತ್ರಿ 3 ಗಂಟೆಗೆ ಕೂಸು ಒಂದೇ ಸಮ ಅತ್ತರೆ ಅವನು ಯಾರನ್ನು ಎಬ್ಬಿಸಬೇಕು? ಅದಕ್ಕೇ ಪುಸ್ತಕ ತೆಗೆಯುತ್ತಾನೆ. ತೆಗೆಯಲಿ ಬಿಡಿ.

ಹಾಗಂತ ಅಚ್ಚಾದದ್ದೆಲ್ಲ ಸತ್ಯ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಡಾಕ್ಟರ್ ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಪುಸ್ತಕ ಲಕ್ಷಾಂತರ ಮನೆಗಳಲ್ಲಿತ್ತು. ಒಳ್ಳೆಯ ಪುಸ್ತಕವೇ. ಆದರೆ 1950ರ ದಶಕದ ಕೊನೆಯಿಂದ ಅದರ ಆವೃತ್ತಿಗಳು ಕೂಸನ್ನು ಬೋರಲು ಮಲಗಿಸಿ ಅಂದವು. ಅಂಗಾತ ಮಲಗಿದರೆ ವಾಂತಿ ಗಂಟಲಿಗೆ ಸಿಕ್ಕೀತು ಅಂತ ಭಯ. ಬೋರಲು ಮಲಗಿದ ಕೂಸುಗಳೇ ನಿದ್ದೆಯಲ್ಲಿ ಹೆಚ್ಚಾಗಿ ಸಾಯುತ್ತವೆ ಅನ್ನುವುದು ಖಚಿತವಾಗಲು ದಶಕಗಳು ಬೇಕಾದವು. 1991ರಲ್ಲಿ ಬ್ರಿಟನ್ನಿನಲ್ಲಿ "ಅಂಗಾತ ಮಲಗಿಸಿ" ಅನ್ನುವ ಪ್ರಚಾರ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಂಥ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮಜ್ಜಿ ಯಾವ ಪುಸ್ತಕವನ್ನೂ ಓದದೆ ತೊಟ್ಟಿಲಲ್ಲಿ ಅಂಗಾತವೇ ಮಲಗಿಸುತ್ತಿದ್ದರು!

ಹಾಗಾದರೆ ಅಜ್ಜಿಯೇ ಸರಿ ಅಂದುಬಿಡೋಣವೇ? ಅದೇ ಅಜ್ಜಿ ಬಜೆ ತೇದು ಜೇನುತುಪ್ಪದಲ್ಲಿ ನೆಕ್ಕಿಸುತ್ತಿದ್ದರು. ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಲ್ಲಿ ವಿಷ ಮಾಡಿ ಸ್ನಾಯುಗಳನ್ನೇ ಸೋಲಿಸಬಲ್ಲದು. ಅಪರೂಪ ನಿಜ, ಆದರೆ ಬಂದರೆ ಐಸಿಯು. ಇದನ್ನು ಇವತ್ತಿನ ಪುಸ್ತಕಗಳು ಸ್ಪಷ್ಟವಾಗಿ ಹೇಳುತ್ತವೆ. ಅದಕ್ಕೇ ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಪುಸ್ತಕ ಯಾವ ವರ್ಷದ್ದು ನೋಡು. ಹಳೇ ಪುಸ್ತಕದಂಗಡಿಯಲ್ಲಿ ಒಂದು ಪೌಂಡಿಗೆ ಸಿಕ್ಕಿತು ಅಂತ ತರಬೇಡ. ಇನ್ನೊಂದು, ಎಂಟನೇ ವಾರಕ್ಕೇ ರಾತ್ರಿಯಿಡೀ ನಿದ್ದೆ ಮಾಡಿಸುತ್ತೇನೆ ಅಂತ ಟೈಮ್‌ಟೇಬಲ್ ಕೊಡುವ ಪುಸ್ತಕವನ್ನು ಮುಚ್ಚಿಡು. ಕೂಸು ಅದನ್ನು ಓದಿರುವುದಿಲ್ಲ.

ನಾನು ಇಷ್ಟು ಜೋರಾಗಿ ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಯಾರು, ಯಾವಾಗ ಅಂತ ಹೇಳುವ ಹಾಗಿಲ್ಲ. ನಮ್ಮ ಮಕ್ಕಳ ವಾರ್ಡಿನಲ್ಲಿ ಉಸಿರಾಟದ ತೊಂದರೆಗೆ ಸೇರಿಸಿದ್ದ ಕೂಸೊಂದರ ಅಪ್ಪ, ರಾತ್ರಿ ನಾನು ಹಾಲು ಅಳೆಯುತ್ತಿದ್ದಾಗ ಮೆಲ್ಲಗೆ ಕೇಳಿದ, "ಸಿಸ್ಟರ್, ನನ್ನ ಹೆಂಡತಿ ಆರು ವಾರದಿಂದ ಅಳ್ತಾ ಇದ್ದಾಳೆ. ಎರಡು ವಾರಕ್ಕಿಂತ ಜಾಸ್ತಿಯಾದರೆ ಡಾಕ್ಟರಿಗೆ ಹೇಳಬೇಕು ಅಂತ ಪುಸ್ತಕದಲ್ಲಿದೆ. ನಿಜವಾ?" ನಿಜ ಅಂದೆ. ಬೆಳಿಗ್ಗೆಯೇ ಆಸ್ಪತ್ರೆಯಿಂದ ಫೋನ್ ಮಾಡಿದ, ಆಕೆಗೆ ಚಿಕಿತ್ಸೆ ಶುರುವಾಯಿತು. ಊರಲ್ಲಾಗಿದ್ದರೆ ಬಾಣಂತಿ ಅತ್ತರೆ ದೃಷ್ಟಿ ತೆಗೆದು, "ಹೆತ್ತವಳು ಹೀಗೆಲ್ಲ ಅಳಬಾರದು" ಅಂತ ಗದರಿಸಿ ಮುಗಿಸುತ್ತಿದ್ದರು. ಅಂಥ ಬಾಣಂತಿಯರು ನಮ್ಮ ಓಣಿಯಲ್ಲೂ ಇದ್ದರು, ಅತ್ತೆಯಂದಿರಿಗೆ ಗೊತ್ತು.

ಸದ್ಯಕ್ಕೆ ಇಷ್ಟು. ಚಿಕ್ಕಮ್ಮ, ವೀಸಾ ಬರುವ ತನಕ ಎಣ್ಣೆ ಹಚ್ಚುವುದು, ನೀರು ಎರೆಯುವುದು ಹೇಗೆ ಅಂತ ವೀಡಿಯೋ ಕಾಲಿನಲ್ಲಿ ಅವನಿಗೇ ತೋರಿಸಿ, ಸೊಸೆಗಲ್ಲ. ಮುಂದಿನ ವಾರ ಜ್ವರದ ಔಷಧಿ ಅಳತೆ ಬಗ್ಗೆ ಬರೆಯುತ್ತೇನೆ, ತುಂಬಾ ಜನ ಕೇಳಿದ್ದೀರಿ.