ಗುಣವಾಗದ ರೋಗಿಗೆ ಚಿಕಿತ್ಸೆ ಇಲ್ಲವೆ?

“ಇನ್ನು ನಾವು ಮಾಡಬಹುದಾದುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿರಿ” ಎಂಬ ಮಾತನ್ನು ಆಸ್ಪತ್ರೆಯ ಬಾಗಿಲಲ್ಲಿ ಕೇಳಿ ಹಿಂದಿರುಗಿದ ಕುಟುಂಬಗಳು ನಮ್ಮ ನಾಡಿನಲ್ಲಿ ಅಸಂಖ್ಯ. ಕ್ಯಾನ್ಸರ್ ರೋಗವು ಮೂಲಸ್ಥಾನವನ್ನು ಬಿಟ್ಟು ದೇಹದಲ್ಲಿ ಹಬ್ಬಿದ ಮೇಲೆ ಅದನ್ನು ನಿರ್ಮೂಲಮಾಡುವುದು ಬಹುಮಟ್ಟಿಗೆ ಅಸಾಧ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೋಗವು ಅಸಾಧ್ಯವೆಂದ ಮಾತ್ರಕ್ಕೆ ರೋಗಿಯ ಸಂಕಟವೂ ಅಸಾಧ್ಯವೆಂದು ಕೈಚೆಲ್ಲುವುದು ವೈದ್ಯಶಾಸ್ತ್ರಕ್ಕೆ ಸಮ್ಮತವಲ್ಲ, ಮಾನವಧರ್ಮಕ್ಕಂತೂ ಸಲ್ಲದು.

ಉಪಶಮನ ಚಿಕಿತ್ಸೆ ಎಂಬುದು ಹೊಸ ಮಾತೇನೂ ಅಲ್ಲ. ೧೯೬೭ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯವನ್ನು ತೆರೆದು ಈ ಶಾಸ್ತ್ರಕ್ಕೆ ತಳಹದಿ ಹಾಕಿದಳು. ೧೯೮೬ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನ, ೧೯೯೩ರಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೇ ಮೊದಲಾದವರಿಂದ ಕಲ್ಲಿಕೋಟೆಯ ಸಂಘ, ೧೯೯೪ರಲ್ಲಿ ಸ್ಥಾಪಿತವಾದ ಟ್ರಸ್ಟಿನ ಮೂಲಕ ಬೆಂಗಳೂರಿನ ಕರುಣಾಶ್ರಯ, ಹೀಗೆ ಮಾರ್ಗದರ್ಶಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಾರ್ಗವನ್ನು ಜಿಲ್ಲೆಗಳಿಗೂ ತಾಲ್ಲೂಕುಗಳಿಗೂ ಮುಟ್ಟಿಸುವವರಿಗೇ ಕೊರತೆ.

ಉಪಶಮನವೆಂದರೆ ರೋಗಿಯ ತಲೆ ನೇವರಿಸಿ ಸಮಾಧಾನ ಹೇಳುವುದಷ್ಟೇ ಎಂಬ ಭ್ರಮೆಯು ವಿದ್ಯಾವಂತರಲ್ಲಿಯೂ ಉಂಟು. ಅದು ಎಷ್ಟು ತಪ್ಪೆಂಬುದಕ್ಕೆ ಈ ಹಂತದಲ್ಲಿ ತಲೆದೋರುವ ತೊಡಕುಗಳೇ ಸಾಕ್ಷಿ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿ ಇವುಗಳ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬುವುದುಂಟು. ಆಗ ಗಡ್ಡೆಯು ಬೆನ್ನುಹುರಿಯನ್ನು ಅದುಮುತ್ತದೆ. ಹೊಸದಾಗಿ ಬಂದು ದಿನೇ ದಿನೇ ಏರುವ ಬೆನ್ನುನೋವು, ಕಾಲುಗಳ ಬಲಹೀನತೆ, ಮೂತ್ರ ಕಟ್ಟುವುದು, ಇವೇ ಅದರ ಮುನ್ಸೂಚನೆಗಳು. ಕೂಡಲೇ ಸ್ಟೀರಾಯ್ಡ್ ಔಷಧವನ್ನು ಕೊಟ್ಟು, ವಿಕಿರಣ ಚಿಕಿತ್ಸೆಗೋ ಶಸ್ತ್ರಚಿಕಿತ್ಸೆಗೋ ಕಳುಹಿಸಿದಲ್ಲಿ, ನಡೆಯುತ್ತಾ ಬಂದ ರೋಗಿಯು ಬಹುತೇಕ ನಡೆಯುತ್ತಲೇ ಉಳಿಯುತ್ತಾನೆ. ಕಾಲು ಸ್ವಾಧೀನ ತಪ್ಪಿದ ಮೇಲೆ ಬಂದವರಲ್ಲಿ ಮರಳಿ ನಡೆಯುವವರು ವಿರಳ. “ಕ್ಯಾನ್ಸರ್ ಅಲ್ಲವೆ, ನೋವು ಇದ್ದದ್ದೇ” ಎಂದು ಕಳೆದ ಎರಡು ದಿನಗಳ ಬೆಲೆಯನ್ನು ಆ ಬಡಪಾಯಿಯು ಉಳಿದ ಆಯುಷ್ಯವೆಲ್ಲ ಹಾಸಿಗೆಯಲ್ಲಿ ತೆರಬೇಕಾಗುತ್ತದೆ.

ಇನ್ನೊಂದು ತೊಡಕು ರಕ್ತದಲ್ಲಿ ಸುಣ್ಣದ ಅಂಶವು ಮಿತಿಮೀರುವುದು. ರೋಗಿಗೆ ತೀರದ ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು, ಕೊನೆಗೆ ಭ್ರಮೆ. ಮನೆಯವರು ಅಂತ್ಯಕಾಲವೇ ಬಂತೆಂದು ನೆಂಟರನ್ನು ಕರೆಸುತ್ತಾರೆ. ಆದರೆ ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುವಂತಹುದು. ಸಿರೆಯ ಮೂಲಕ ಕೊಡುವ ದ್ರವ ಮತ್ತು ಜೋಲೆಡ್ರೋನಿಕ್ ಆಮ್ಲದಂತಹ ಔಷಧದಿಂದ ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಎಚ್ಚೆತ್ತು ಮಕ್ಕಳೊಡನೆ ಮಾತನಾಡಿದ್ದುಂಟು. ಇನ್ನು ಬಾಯಿಯ ಮತ್ತು ಸ್ತನದ ಕ್ಯಾನ್ಸರಿನಲ್ಲಿ ಹೊರಕ್ಕೆ ಒಡೆದ ಹುಣ್ಣಿನ ದುರ್ಗಂಧವು ರೋಗಿಯನ್ನು ಸ್ವಂತ ಮನೆಯಲ್ಲಿಯೇ ಬಹಿಷ್ಕೃತನನ್ನಾಗಿ ಮಾಡುತ್ತದೆ. ಅದನ್ನು ಅಡಗಿಸಲು ಬೇಕಾದುದು ಶುದ್ಧವಾದ ಉಪ್ಪುನೀರು, ಬಟ್ಟೆ ಮತ್ತು ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯ ಪುಡಿ, ಇಷ್ಟೇ. ಕರುಳು ಕಟ್ಟುವುದು, ಉಬ್ಬಸ, ಹಠಾತ್ ರಕ್ತಸ್ರಾವ, ಇವಕ್ಕೂ ಶಮನೋಪಾಯಗಳುಂಟು.

ಹಾಗೆಂದು ಪ್ರತಿಯೊಂದು ತೊಡಕನ್ನೂ ಬೆನ್ನಟ್ಟಿ, ದಿನಗಳನ್ನೆಣಿಸುತ್ತಿರುವ ರೋಗಿಯನ್ನು ಸೂಜಿ ನಳಿಕೆಗಳಿಂದ ಬಂಧಿಸಬೇಕೆಂಬುದು ನಮ್ಮ ಮತವಲ್ಲ. ಯಾವುದನ್ನು ಸರಿಪಡಿಸಿದರೆ ರೋಗಿಗೆ ಒಳ್ಳೆಯ ದಿನಗಳು ದೊರೆಯುವುವು, ಯಾವುದನ್ನು ಬಿಟ್ಟುಕೊಟ್ಟು ನೋವನ್ನು ಮಾತ್ರ ತಣಿಸಬೇಕು ಎಂಬ ವಿವೇಚನೆಯೇ ಈ ಶಾಸ್ತ್ರದ ಹೃದಯ. ಅಂತಹ ವಿವೇಚನೆಗೆ ರೋಗಿಯ ಇಚ್ಛೆಯೇ ಪ್ರಮಾಣ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಅಂಗವೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪಿತ್ತಿದೆ.

ಇವೆಲ್ಲಕ್ಕಿಂತ ದೊಡ್ಡ ಅನ್ಯಾಯವು ನೋವಿನ ವಿಷಯದಲ್ಲಿ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿಯೇ ಕ್ಯಾನ್ಸರಿನ ತೀವ್ರವಾದ ನೋವಿಗೆ ಬಾಯಿಯ ಮೂಲಕ ಮಾರ್ಫೀನನ್ನು ಕೊಡುವ ಕ್ರಮವನ್ನು ವಿಧಿಸಿತು. ಆ ಮಾರ್ಫೀನು ಹುಟ್ಟುವುದು ಅಫೀಮಿನಿಂದ. ಅಫೀಮು ಸರಕಾರದ ಪರವಾನಗಿಯಿಂದ ಬೆಳೆಯುವುದು ನಮ್ಮ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ. ಪರದೇಶಗಳ ನೋವಿಗೆ ಮದ್ದು ಕಳುಹಿಸಿದ ದೇಶದಲ್ಲಿಯೇ ರೋಗಿಗಳು ನರಳಿ ಸತ್ತರು. ೧೯೮೫ರ ಮಾದಕವಸ್ತು ಕಾಯಿದೆಯ ಭಯಂಕರ ದಂಡನೆಗಳಿಗೂ ಪರವಾನಗಿಗಳ ಸರಮಾಲೆಗೂ ಹೆದರಿ ಆಸ್ಪತ್ರೆಗಳು ಈ ಔಷಧವನ್ನೇ ಇಡದಾದುವು. ಪಾರ್ಲಿಮೆಂಟು ೨೦೧೪ರಲ್ಲಿ ಕಾಯಿದೆಯನ್ನು ತಿದ್ದಿ, ಅತ್ಯಾವಶ್ಯಕ ಮಾದಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ಸುಲಭ ನಿಯಮವಾಗುವಂತೆ ಮಾಡಿತು. ಆದುದರಿಂದ ಇಂದು ಕಾಯಿದೆಯ ನೆಪವನ್ನು ಹೇಳುವವರು ಹಳೆಯ ಕಾಯಿದೆಯನ್ನು ಓದಿ ಹೊಸತನ್ನು ಓದದವರೆಂದೇ ಹೇಳಬೇಕು.

ಚಟ ಹತ್ತೀತೆಂಬ ಭಯವೂ ಒಂದುಂಟು. ನೋವಿಗೆ ತಕ್ಕ ಪ್ರಮಾಣದಲ್ಲಿ, ಹೊತ್ತು ಹೊತ್ತಿಗೆ, ಬಲ್ಲ ವೈದ್ಯನ ಕಣ್ಗಾವಲಿನಲ್ಲಿ ಕೊಟ್ಟ ಮಾರ್ಫೀನಿನಿಂದ ಇಂತಹ ರೋಗಿಗಳು ಚಟಕ್ಕೆ ಬೀಳುವುದು ಅಪರೂಪ. ಮಲಬದ್ಧತೆಯಂತೂ ತಪ್ಪದು, ಅದಕ್ಕಾಗಿ ವಿರೇಚಕವನ್ನು ಮೊದಲ ದಿನದಿಂದಲೇ ಜೊತೆಗೆ ಕೊಡತಕ್ಕದ್ದು. ಇಷ್ಟನ್ನು ಕಲಿಯಲು ವೈದ್ಯರಿಗೆ ವಿಲಾಯತಿ ಪದವಿ ಬೇಕಿಲ್ಲ.

ಅಧಿಕಾರಿವರ್ಗದ ಲಕ್ಷ್ಯಕ್ಕೆ ನಾವು ತರಬಯಸುವುದು ಮೂರೇ ಸಂಗತಿಗಳು. ಜಿಲ್ಲೆಯ ಪ್ರತಿಯೊಂದು ದೊಡ್ಡಾಸ್ಪತ್ರೆಯೂ ಮಾರ್ಫೀನಿನ ಮಾತ್ರೆಯನ್ನು ಎಡೆಬಿಡದೆ ದಾಸ್ತಾನಿಡತಕ್ಕದ್ದು. ಅಲ್ಲಿ ಒಬ್ಬ ವೈದ್ಯನೂ ಇಬ್ಬರು ದಾದಿಯರೂ ಈ ಚಿಕಿತ್ಸೆಯಲ್ಲಿ ತರಬೇತಿ ಹೊಂದಿರತಕ್ಕದ್ದು. ಮನೆಗೆ ಕಳುಹಿಸುವ ರೋಗಿಯ ಕೈಯಲ್ಲಿ ಅಪಾಯದ ಸೂಚನೆಗಳನ್ನು ಕನ್ನಡದಲ್ಲಿ ಬರೆದ ಚೀಟಿಯೂ, ರಾತ್ರಿಯಲ್ಲಿಯೂ ಉತ್ತರ ಕೊಡುವ ದೂರವಾಣಿಯ ಸಂಖ್ಯೆಯೂ ಇರತಕ್ಕದ್ದು. ನೆರೆಯ ಕೇರಳವು ೨೦೦೮ರಲ್ಲಿಯೇ ಇದಕ್ಕಾಗಿ ರಾಜ್ಯನೀತಿಯನ್ನು ಘೋಷಿಸಿ, ಸ್ಥಳೀಯ ಪಂಚಾಯತಿಗಳನ್ನೂ ನೆರೆಹೊರೆಯ ಸ್ವಯಂಸೇವಕರನ್ನೂ ಕೆಲಸಕ್ಕೆ ಹಚ್ಚಿತು. ಅಲ್ಲಿ ಸಾಧ್ಯವಾದುದು ಘಟ್ಟದ ಈಚೆಗೆ ಏಕೆ ಸಾಧ್ಯವಾಗದು?

ಪುರಜನರಿಗೂ ಒಂದು ಮಾತು. ದೇವಾಲಯದ ಜೀರ್ಣೋದ್ಧಾರಕ್ಕೂ ಉತ್ಸವಕ್ಕೂ ಧಾರಾಳವಾಗಿ ಕೊಡುವ ಕೈಗಳು, ಹಾಸಿಗೆ ಹಿಡಿದ ನೆರೆಯವನ ಹುಣ್ಣನ್ನು ತೊಳೆಯುವ ದಾದಿಯ ಸಂಬಳಕ್ಕೂ ಚಾಚಲಿ. ಮರಣವನ್ನು ತಡೆಯಲು ಯಾವ ಸರಕಾರಕ್ಕೂ ಶಕ್ತಿಯಿಲ್ಲ. ಮರಣಕ್ಕೆ ಮುಂಚಿನ ನರಳಾಟವನ್ನು ತಡೆಯುವ ಶಕ್ತಿಯಿದ್ದೂ ತಡೆಯದಿದ್ದರೆ, ಆ ಹೊಣೆಯನ್ನು ವಿಧಿಯ ಮೇಲೆ ಹೊರಿಸಲಾಗದು.