ಹಾಸನದ ಸಸ್ಯಗಳು, ಜೆಸುಯಿಟ್ ಪಾದ್ರಿ ಮತ್ತು ಒಂದು ಎರವಲು ಯುದ್ಧ

ಕಳೆದ ಮಳೆಗಾಲದಲ್ಲಿ ಯಸಳೂರಿನ ಹಿತೈಷಿಗಳೊಬ್ಬರ ತೋಟದ ಮನೆಯಲ್ಲಿ ಮೂರು ದಿನ ತಂಗಿದ್ದೆ. ಆ ಮನೆಯ ಹುಡುಗ ಕನ್ನಡ ಎಂ.ಎ. ವಿದ್ಯಾರ್ಥಿ. ಮಿಷನರಿಗಳು ಮತ್ತು ಕನ್ನಡ ಶಾಸ್ತ್ರಸಾಹಿತ್ಯವನ್ನು ಕುರಿತ ತನ್ನ ಸಂಪ್ರಬಂಧದ ಕರಡನ್ನು ನನ್ನ ಮುಂದಿಟ್ಟ. ಮೊದಲ ಪುಟದಲ್ಲಿಯೇ ಒಂದು ವಾಕ್ಯ: ಕ್ರೈಸ್ತಧರ್ಮವು ಹುಟ್ಟಿದಂದಿನಿಂದಲೂ ವಿಜ್ಞಾನದ ವೈರಿ, ಪಾದ್ರಿಗಳ ವಿದ್ವತ್ತು ಮತಾಂತರದ ಮುಸುಕು ಮಾತ್ರ. ಆಧಾರವೇನೆಂದು ಕೇಳಿದೆ. "ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸರ್" ಎಂದ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಹಿರಿಯ ವಿಮರ್ಶಕರು ಸಭೆಗಳಲ್ಲಿ ಆಡುತ್ತ ಬಂದ ಮಾತನ್ನೇ ಅವನು ಬರೆದಿದ್ದ.

ಎಲ್ಲರಿಗೂ ಗೊತ್ತಿರುವ ಈ ಸಂಗತಿಗೆ ಒಂದು ಜನ್ಮಸ್ಥಳವಿದೆ, ಕಾಲವೂ ಇದೆ. ಅಮೆರಿಕದ ರಸಾಯನವಿಜ್ಞಾನಿ ಜಾನ್ ವಿಲಿಯಂ ಡ್ರೇಪರ್ 1874ರಲ್ಲಿ ಧರ್ಮ ಮತ್ತು ವಿಜ್ಞಾನಗಳ ಸಂಘರ್ಷದ ಚರಿತ್ರೆಯೊಂದನ್ನು ಪ್ರಕಟಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಥಾಪಕರಲ್ಲೊಬ್ಬರಾದ ಆಂಡ್ರ್ಯೂ ಡಿಕ್ಸನ್ ವೈಟ್ 1896ರಲ್ಲಿ ಅದೇ ಜಾಡಿನ ಎರಡು ಸಂಪುಟಗಳನ್ನು ತಂದರು. ಇಬ್ಬರಿಗೂ ತಮ್ಮ ಕಾಲದ ಜಗಳಗಳಿದ್ದವು. 1870ರಲ್ಲಿ ಪೋಪರ ಅಪ್ರಮಾದಿತ್ವ ಘೋಷಿತವಾದ ಮೇಲೆ ಡ್ರೇಪರರ ಸಿಟ್ಟು ಮುಖ್ಯವಾಗಿ ರೋಮಿನತ್ತ ತಿರುಗಿತ್ತು. ಯಾವ ಪಂಥಕ್ಕೂ ಸೇರದ ವಿಶ್ವವಿದ್ಯಾಲಯವನ್ನು ಕಟ್ಟಹೊರಟ ವೈಟರು ಪಂಥಾಭಿಮಾನಿಗಳ ಟೀಕೆಯಿಂದ ನೊಂದಿದ್ದರು. ಅವರವರ ವ್ಯಾಜ್ಯದ ಕಾಗದಗಳನ್ನು ನಾವು ಎರಡು ಸಾವಿರ ವರ್ಷಗಳ ಇತಿಹಾಸವೆಂದು ಓದಿಕೊಂಡಿದ್ದೇವೆ. ಪೂರ್ವಪಕ್ಷವನ್ನು ಪೂರ್ತಿ ಕೇಳದೆ ಸಿದ್ಧಾಂತಕ್ಕೆ ಹಾರುವುದು ನಮ್ಮ ಶಾಸ್ತ್ರಪರಂಪರೆಯ ರೀತಿಯಲ್ಲ.

ಗೆಲಿಲಿಯೋ ಪ್ರಕರಣ ಸುಳ್ಳೆಂದು ನಾನು ಹೇಳುತ್ತಿಲ್ಲ. 1616ರಲ್ಲಿ ಕೋಪರ್ನಿಕಸನ ಗ್ರಂಥಕ್ಕೆ ತಡೆ ಬಿದ್ದುದು, 1633ರಲ್ಲಿ ಎಪ್ಪತ್ತರ ಅಂಚಿನ ವೃದ್ಧನೊಬ್ಬ ಮಂಡಿಯೂರಿ ತನ್ನ ಮತವನ್ನು ತೊರೆಯಬೇಕಾಗಿ ಬಂದುದು, 1642ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿದ್ದುದು ಇವೆಲ್ಲ ನಡೆದ ಅನ್ಯಾಯಗಳು. ಸೂರ್ಯಕೇಂದ್ರ ಸಿದ್ಧಾಂತದ ಪುಸ್ತಕಗಳು ನಿಷೇಧಪಟ್ಟಿಯಿಂದ ಪೂರ್ಣವಾಗಿ ಹೊರಬಿದ್ದುದು 1835ರ ಆವೃತ್ತಿಯಲ್ಲಿ. ಆದರೆ ಆ ಪಟ್ಟಿ ರೋಮಿನದು. ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟರು; ಆ ನಿಷೇಧ ಅವರನ್ನು ಕಟ್ಟಿಹಾಕಿದ್ದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಲವು ಮಿಷನರಿಗಳು ಪುರಾಣಗಳ ಭೂಗೋಳವನ್ನು ಖಂಡಿಸಲು ಬಳಸಿದ ಆಯುಧವಂತೂ ಇದೇ ಕೋಪರ್ನಿಕಸನ ಖಗೋಳ. ಕ್ರೈಸ್ತಧರ್ಮ ಎಂಬ ಒಂದೇ ಪದದಲ್ಲಿ ಇಷ್ಟನ್ನೂ ತುಂಬಿ ಗಂಟುಕಟ್ಟಿದರೆ ಸಂಶೋಧನೆಗೆ ಏನೂ ಉಳಿಯುವುದಿಲ್ಲ.

ದೂರದ ರೋಮೇಕೆ? ನಾವು ಕುಳಿತಿದ್ದ ಜಗಲಿಯಿಂದಲೇ ಕಾಣುವ ಕಾಡಿಗೆ ಬರುತ್ತೇನೆ. ಯಸಳೂರಿನಿಂದ ಬಿಸಿಲೆಯತ್ತ ಹೋಗುವ ಬೆಟ್ಟಗಳು, ಶಿರಾಡಿಯ ಇಳಿಜಾರು, ಅರಸೀಕೆರೆಯ ಕಡೆಯ ಒಣಭೂಮಿ ಎಲ್ಲವೂ ಸೇರಿದ ಹಾಸನ ಜಿಲ್ಲೆಯ ಸಸ್ಯಗಳನ್ನು ಕ್ರಮಬದ್ಧವಾಗಿ ವಿವರಿಸುವ ಬೃಹದ್ಗ್ರಂಥ ಪ್ರಕಟವಾದುದು 1976ರಲ್ಲಿ. ಅದರ ಸಂಪಾದಕರಲ್ಲೊಬ್ಬರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್. ಮತ್ತೊಬ್ಬರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರಜ್ಞ, ಜೆಸುಯಿಟ್ ಪಾದ್ರಿ ಸಿಸಿಲ್ ಸಲ್ಡಾನಾ. ಮುಂದೆ ಇಡೀ ಕರ್ನಾಟಕದ ಸಸ್ಯಸಂಪತ್ತನ್ನು ಕುರಿತ ಸಂಪುಟಗಳಿಗೂ ಕೈಹಾಕಿದವರು ಅವರೇ. ಪಶ್ಚಿಮಘಟ್ಟದ ಈ ಭಾಗದಲ್ಲಿ ಒಂದು ಗಿಡದ ಹೆಸರು ಹಿಡಿಯಬೇಕಾದ ವಿದ್ಯಾರ್ಥಿ, ಅವನು ಆಸ್ತಿಕನಿರಲಿ ನಾಸ್ತಿಕನಿರಲಿ, ಆ ಗ್ರಂಥದ ಬಾಗಿಲು ತಟ್ಟಲೇಬೇಕು. ಜಿಗಣೆ ಹತ್ತುವ ಕಾಡಿನಲ್ಲಿ ಟೊಂಗೆ ಮುರಿದು, ಕಾಗದದ ನಡುವೆ ಒತ್ತಿ ಒಣಗಿಸಿ, ಊರು, ಎತ್ತರ, ತಾರೀಖು ಬರೆದಿಡುವ ಈ ಕೆಲಸದಲ್ಲಿ ಯಾವ ಮುಸುಕನ್ನು ಹುಡುಕೋಣ?

ಇಷ್ಟು ಹೇಳಿದ ಕೂಡಲೇ ಎದುರು ಪಾಳೆಯದವರು ಹಿಗ್ಗುತ್ತಾರೆ. ನೋಡಿ, ವಿಜ್ಞಾನ ಹುಟ್ಟಿದ್ದೇ ಕ್ರೈಸ್ತಧರ್ಮದ ಮಡಿಲಲ್ಲಿ ಎನ್ನುತ್ತಾರೆ. ತಳಿಶಾಸ್ತ್ರದ ಮೆಂಡೆಲ್ ಮಠವಾಸಿ, ವಿಶ್ವದ ವಿಕಾಸವನ್ನು 1927ರಲ್ಲಿ ಸೂಚಿಸಿದ ಲಮೈತ್ರ್ ಪಾದ್ರಿ ಎಂದು ಪಟ್ಟಿ ಓದುತ್ತಾರೆ. ಪಟ್ಟಿ ಸರಿ, ತೀರ್ಮಾನ ತಪ್ಪು. ಮಠ ಮೆಂಡೆಲನಿಗೆ ತೋಟ ಕೊಟ್ಟಿತು, ಅನ್ನ ಕೊಟ್ಟಿತು, ಬಿಡುವು ಕೊಟ್ಟಿತು. ಬಟಾಣಿಯ ಲೆಕ್ಕವನ್ನು ಸತ್ಯಗೊಳಿಸಿದ್ದು ಬಟಾಣಿಯೇ. ಸಲ್ಡಾನಾ ಅವರ ಸಸ್ಯಸಂಗ್ರಹ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿನ ಒಂದು ಹಾಳೆಯನ್ನು ತೆರೆದು, ಪಾದ್ರಿಗಳೇ ಇದು ತಪ್ಪು ಎಂದು ತೋರಿಸುವ ಹಕ್ಕು ಯಾರಿಗೂ ಇದೆ. ಶ್ರದ್ಧೆಯು ಶಾಸ್ತ್ರಕಾರನನ್ನು ಸಾಕಬಹುದು, ಶಾಸ್ತ್ರಕ್ಕೆ ಪ್ರಮಾಣವಾಗಲಾರದು. ಈ ಎರಡನ್ನು ಬೇರ್ಪಡಿಸದಿರುವುದೇ ಉಭಯ ಪಕ್ಷಗಳ ದೋಷ.

ಈಗ ನಮ್ಮವರ ಸರದಿ. ಈ ಮಾತು ಕೆಲವರಿಗೆ ರುಚಿಸದು. ಬಸದಿಯ ಉಪನ್ಯಾಸಗಳಲ್ಲಿ ಗೆಲಿಲಿಯೋನ ಕಥೆ ಹೇಳಿ, ಅವರ ಧರ್ಮ ವಿಜ್ಞಾನವನ್ನು ಸುಟ್ಟಿತು, ನಮ್ಮದು ಸ್ವಯಂ ವಿಜ್ಞಾನ ಎನ್ನುವುದು ವಾಡಿಕೆಯಾಗಿದೆ. ಸಸ್ಯಗಳು ಏಕೇಂದ್ರಿಯ ಜೀವಗಳೆಂಬ ನಮ್ಮ ಆಗಮದ ಮಾತನ್ನು ಜಗದೀಶಚಂದ್ರ ಬೋಸರು ಸಿದ್ಧಪಡಿಸಿದರಂತೆ. ಹಾಗಾದರೆ ಪೃಥ್ವೀಕಾಯಿಕ, ಅಗ್ನಿಕಾಯಿಕ ಜೀವಗಳನ್ನು ಯಾರು ಸಿದ್ಧಪಡಿಸಿದರು? ಅಲ್ಲಿ ಭಾಷಣ ಮೌನವಾಗುತ್ತದೆ. ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರರೆಂದು ನಮ್ಮ ಲೋಕಶಾಸ್ತ್ರ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಅದನ್ನು ಖಂಡಿಸಿದ. ಅವನ ಪಕ್ಷವೇ ಸರಿ. ಇದನ್ನು ಒಪ್ಪಿದರೆ ಅಹಿಂಸೆಗಾಗಲಿ ಅನೇಕಾಂತಕ್ಕಾಗಲಿ ಕೂದಲೆಳೆಯಷ್ಟೂ ಕುಂದಿಲ್ಲ.

ಹೆಮ್ಮೆಪಡಲು ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಓದಿ ಹೆಮ್ಮೆಪಡಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಜಿನಸ್ತುತಿಯಿಂದ ಆರಂಭವಾಗುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂದಿನ ಗಣಿತದಲ್ಲಿ ಅದು ಸೂಕ್ಷ್ಮವಾದ ತಿಳಿವು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಅದೇ ಗ್ರಂಥ ಹೇಳುತ್ತದೆ, ಅದು ತಪ್ಪು. ಎರಡೂ ಸೂತ್ರಗಳ ಮೇಲೆ ಅದೇ ಮಂಗಳಶ್ಲೋಕದ ನೆರಳಿದೆ. ಮಂಗಳಶ್ಲೋಕವೇ ಪ್ರಮಾಣವಾಗಿದ್ದರೆ ಎರಡೂ ಸರಿಯಾಗಬೇಕಿತ್ತು.

ಇನ್ನೊಂದು ಸಂಗತಿಯನ್ನು ಆ ಹುಡುಗನಿಗೆ ಹೇಳಿದೆ. ಜೈನ ವೈಯಾಕರಣನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಿಂದ ಸಂಪಾದಿಸಿ ಪ್ರಕಟಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. ನಾಗವರ್ಮನ ಛಂದೋಂಬುಧಿಯೂ 1875ರಲ್ಲಿ ಅವರ ಕೈಯಿಂದಲೇ ಬಂದಿತು. ಅವರು ಸುವಾರ್ತೆ ಸಾರಲೆಂದೇ ಬಂದವರು, ಅದರಲ್ಲಿ ಮುಚ್ಚುಮರೆಯಿಲ್ಲ. ಹಾಗೆಂದು ಅವರು ತಾಳೆಗರಿಗಳನ್ನು ಹೋಲಿಸಿದ ರೀತಿಯನ್ನು ಅವರ ಧರ್ಮದ ಮೇಲೆ ಹೊರಿಸಿ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಪಾಠ ಸರಿಯೋ ತಪ್ಪೋ ನೋಡಬೇಕು, ತಪ್ಪಿದ್ದಲ್ಲಿ ತಿದ್ದಬೇಕು. ನಂತರದ ಸಂಪಾದಕರು ಮಾಡಿದ್ದು ಅದನ್ನೇ.

ಹೊರಗೆ ಮಳೆ ಬಿಟ್ಟಿರಲಿಲ್ಲ. ಹುಡುಗ ಆ ವಾಕ್ಯದ ಮೇಲೆ ಗೆರೆ ಎಳೆದು, ಅದರ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ. ಸದ್ಯಕ್ಕೆ ಖಾಲಿ ಬಿಡು. 1894ರ ಕಿಟೆಲ್ ನಿಘಂಟಿನ ಪೀಠಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಬಾ ಎಂದೆ.