ಚೀನಾದ ಮೇಜು, ನಮ್ಮೂರಿನ ಲೋಟ

ಗೆಳೆಯರೆ, ಮೊದಲು ಒಂದು ಊಟದ ವಿಷಯ ಹೇಳುತ್ತೇನೆ. ಕವಿಯಾದವನು ಊಟದ ಮಾತಿನಿಂದ ಶುರು ಮಾಡಬಾರದೆಂದು ಯಾರಾದರೂ ಮೂಗು ಮುರಿದರೆ, ಅವರು ಹಸಿವು ಕಂಡವರಲ್ಲ ಎಂದು ತಿಳಿಯಿರಿ.

ಹೋದ ವರ್ಷ ಬೆಂಗಳೂರಿಗೆ ಪದ್ಯ ಓದಲು ಹೋಗಿದ್ದೆ. ಮುಗಿದ ಮೇಲೆ ನಮ್ಮ ಸೀಮೆಯವರೇ ಒಬ್ಬರು, ಗಣಿ ದುಡ್ಡಿನ ಮನೆತನದವರು, 'ಬರ್ರಿ ಕವಿಗಳೇ, ಚಾ ಕುಡಿಯೋಣ' ಎಂದು ಕಾರು ಹತ್ತಿಸಿಕೊಂಡರು. ಇಳಿಸಿದ್ದು ದೊಡ್ಡದೊಂದು ಚೀನಾ ಹೋಟೆಲಿನ ಮುಂದೆ. ಅಲ್ಲಿಯ ಊಟಕ್ಕೆ 'ಯಮ್ ಚಾ' ಎಂದು ಹೆಸರು. ಕ್ಯಾಂಟನ್ ಸೀಮೆಯ ಮಾತಿನಲ್ಲಿ ಹಾಗೆಂದರೆ 'ಚಾ ಕುಡಿಯುವುದು', ಅಷ್ಟೆ. ನಮ್ಮ ಚಾ, ಅವರ ಚಾ ಎರಡೂ ಒಂದೇ ಮಾತು. ದುಂಡು ಮೇಜು. ನಡುವೆ ಒಂದು ಕೆಟಲು ಚಾ. ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುವ, ಕಡುಬಿನಂಥ ತಿನಿಸು. ಒಳಗೆ ಸಿಗಡಿ, ಹಂದಿಮಾಂಸ. ಕೂತವರೆಲ್ಲ ಅದೇ ಬುಟ್ಟಿಯಿಂದ ತೆಗೆದುಕೊಂಡು ತಿನ್ನಬೇಕು. ಅದೇ ಆ ಊಟದ ಪದ್ಧತಿ.

ಆಮೇಲೊಂದು ಬುಟ್ಟಿ ಬಂತು. ಮುಚ್ಚಳ ತೆಗೆದರೆ ಕೋಳಿಪಾದ! ಬೆರಳು ಸಮೇತ, ಕೆಂಪಗೆ ಬೆಂದ ಕೋಳಿಪಾದ. 'ಇದಕ್ಕೆ ಫೀನಿಕ್ಸ್ ಹಕ್ಕಿಯ ಪಾದ ಅಂತಾರ ಕವಿಗಳೇ, ಬಹಳ ವಿಶೇಷ' ಎಂದು ಸಾಹುಕಾರರು ಕಡ್ಡಿಯಲ್ಲಿ ಹಿಡಿದು ಚೀಪಿದರು. ನನಗೆ ನಗು ಬಂತು. ನಗುವಿನ ಹಿಂದೆಯೇ ಗಂಟಲು ಕಟ್ಟಿತು.

ಯಾಕೆಂದರೆ ಆ ಪಾದ ನನಗೆ ಗೊತ್ತು. ಕಂಪ್ಲಿ ಕಡೆಯ ನಮ್ಮೂರಲ್ಲಿ ದೊಡ್ಡವರ ಮನೆಯಲ್ಲಿ ಕೋಳಿ ಕೊಯ್ದರೆ ತಲೆ, ಪಾದ, ಕರುಳು ಕೇರಿಗೆ ಬರುತ್ತಿದ್ದವು. ನಮ್ಮವ್ವ ಅವನ್ನು ಕೆಂಡದಲ್ಲಿ ಸುಟ್ಟು, ಚರ್ಮ ಸುಲಿದು, ಉಪ್ಪು ಖಾರ ಹಾಕಿ ಸಾರು ಮಾಡುತ್ತಿದ್ದಳು. ಆ ಸಾರಿನ ವಾಸನೆ ಅಂಗಿಗೆ ಹತ್ತಿದ್ದಕ್ಕೆ ಶಾಲೆಯಲ್ಲಿ ಹುಡುಗರು ನನಗೆ ಹೆಸರಿಟ್ಟಿದ್ದರು. ಅದು ಫೀನಿಕ್ಸ್ ಎಂದು ಆಗ ಯಾರೂ ಹೇಳಲಿಲ್ಲವಲ್ಲ! ನಾವು ತಿಂದರೆ ಹೊಲಸು, ಅವರು ತಿಂದರೆ ವಿಶೇಷ. ಕ್ಯಾಂಟನ್ನಿನ ಚಾದಂಗಡಿಗಳಲ್ಲಿ ದನದ ಬೋಟಿಯನ್ನೂ ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ. ಅದನ್ನು ಅಲ್ಲಿಗೇ ಹೋಗಿ ತಿಂದು ಬಂದು ಸಭೆಗಳಲ್ಲಿ ವರ್ಣಿಸುವ ನಮ್ಮ ದೊಡ್ಡವರು, ಬೋಟಿ ತಿನ್ನುವವನಿಗೆ ಇಲ್ಲಿ ಬಾಡಿಗೆ ಮನೆ ಕೊಡುತ್ತಾರೇನು? ಆಹಾರಕ್ಕೆ ಮಡಿ ಮೈಲಿಗೆ ಇಲ್ಲ. ತಿನ್ನುವ ಬಾಯಿ ಯಾರದೆಂದು ನೋಡಿ ಮೈಲಿಗೆ ಹಚ್ಚುತ್ತಾರೆ.

ಈಗ ನಮ್ಮೂರಿನ 'ಯಮ್ ಚಾ'ಕ್ಕೆ ಬನ್ನಿ. ಊರ ಅಗಸಿಯ ಹತ್ತಿರ ಒಂದು ಚಾದಂಗಡಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಾ. ನಮ್ಮಪ್ಪನ ಕಾಲದಲ್ಲಿ ಕೇರಿಯವರ ಲೋಟಗಳು ಹೊರಗಿನ ಗೂಡಿನಲ್ಲಿ ಇರುತ್ತಿದ್ದವು. ಕುಡಿದವರೇ ತೊಳೆದು ಇಡಬೇಕು. ನನ್ನ ಕಾಲಕ್ಕೆ ಗೂಡು ಹೋಯಿತು, ಪ್ಲಾಸ್ಟಿಕ್ ಕಪ್ಪು ಬಂತು: ಅವರಿಗೆ ಗಾಜಿನ ಲೋಟ, ನಮಗೆ ಪ್ಲಾಸ್ಟಿಕ್. ಕೇರಿಯ ಹುಡುಗರು ಕೂಡಿ ಜಗಳ ತೆಗೆದೆವು. ಅಂಗಡಿಯವನು ಏನು ಮಾಡಿದ ಗೊತ್ತೇನು? ಗಾಜಿನ ಲೋಟವನ್ನೆಲ್ಲ ಒಳಗಿಟ್ಟು ಎಲ್ಲರಿಗೂ ಕಾಗದದ ಕಪ್ಪು ಕೊಡತೊಡಗಿದ. 'ಈಗ ಭೇದ ಎಲ್ಲೈತಿ ತಮ್ಮಾ, ಎಲ್ಲಾರಿಗೂ ಒಂದೇ' ಎಂದ. ನಾವು ಮುಟ್ಟಿದ ಲೋಟ ಅವರ ತುಟಿಗೆ ಹೋಗುವ ಪ್ರಸಂಗವನ್ನೇ ಇಲ್ಲವಾಗಿಸಿದ. ಭೇದ ಹೋಗಲಿಲ್ಲ, ಲೋಟ ಹೋಯಿತು! ಇದನ್ನೇ ನಮ್ಮ ಕೆಲವು ಬುದ್ಧಿವಂತರು ಪರಿವರ್ತನೆ ಎಂದು ಕರೆಯುತ್ತಾರೆ.

ಕ್ಯಾಂಟನ್ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಅಲ್ಲಿ 19ನೇ ಶತಮಾನದಲ್ಲಿ ಕೂಲಿಕಾರರಿಗೆಂದೇ ಎರಡು 'ಲಿ' ಕಾಸಿಗೆ ಚಾ ಕೊಡುವ ಅಂಗಡಿಗಳಿದ್ದವು. ಮೂಟೆ ಹೊರುವವನು ಬಂದು ಕೂತು, ಚಾ ಕುಡಿದು, ತಿಂಡಿ ತಿಂದು ಕೆಲಸಕ್ಕೆ ಹೋಗುತ್ತಿದ್ದ. ಜಾಗ ಸಾಲದಿದ್ದರೆ ಗುರುತಿಲ್ಲದವರು ಒಂದೇ ಮೇಜಿಗೆ ಕೂಡುವುದು ಆ ಸೀಮೆಯ ರೂಢಿ. ಆದರೆ ಅದೇ ನೆಲದಲ್ಲಿ ಟಾಂಕಾ ಎಂಬ ದೋಣಿಯ ಜನರಿದ್ದರು. ನೀರಿನ ಮೇಲೇ ಹುಟ್ಟಿ ನೀರಿನ ಮೇಲೇ ಸಾಯುವ ಅವರನ್ನು ದಡದವರು ಕೀಳೆಂದರು, ಅವರೊಡನೆ ಮದುವೆ ಸಂಬಂಧ ಬೆಳೆಸಲಿಲ್ಲ. ಅವರು ದಡದಲ್ಲಿ ಮನೆ ಕಟ್ಟಬಹುದೆಂದು 1729ರಲ್ಲಿ ಚಕ್ರವರ್ತಿಯೇ ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆಯಾದ ಮೇಲೂ ತಿರಸ್ಕಾರ ಬಹುಕಾಲ ಉಳಿಯಿತು. ಎಲ್ಲ ದೇಶದಲ್ಲೂ ಮೇಜು ಇದೆ, ಮೇಜಿನ ಹೊರಗೆ ನಿಂತವರೂ ಇದ್ದಾರೆ.

ನಮ್ಮ ಹಂಪಿಯಲ್ಲೂ ಒಂದು ಮೇಜಿದೆ. ಕಮಲಾಪುರದ ರಸ್ತೆಯಲ್ಲಿ 'ಭೋಜನಶಾಲೆ' ಎಂದು ತೋರಿಸುತ್ತಾರೆ. ನೀರಿನ ಕಾಲುವೆ, ಅದರ ಎರಡೂ ಮಗ್ಗುಲಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು ಗುಳಿ, ಎಲ್ಲ ಕಲ್ಲಿನಲ್ಲೇ ಕಡೆದದ್ದು. ಪ್ರವಾಸಿಗಳು ಫೋಟೋ ಹಿಡಿಯುತ್ತಾರೆ, ಗೈಡುಗಳು ವೈಭವ ಹೇಳುತ್ತಾರೆ. ನಾನು ಅಲ್ಲಿ ನಿಂತಾಗಲೆಲ್ಲ ಒಂದೇ ಕೇಳುತ್ತೇನೆ: ಈ ಕಲ್ಲು ಹೊತ್ತವನು ಈ ಕಲ್ಲಿನಲ್ಲಿ ಉಂಡನೇ? ಮುತ್ತುರತ್ನ ಅಳೆದ ಕಥೆಯನ್ನು ನೂರು ಸಲ ಹೇಳುವ ನಾಡಿನಲ್ಲಿ ಈ ಪ್ರಶ್ನೆಯನ್ನು ಒಂದು ಸಲವೂ ಪಾಠದಲ್ಲಿ ಕೇಳಲಿಲ್ಲ.

ಹಳೆಯ ಕಲ್ಲಿನ ಮಾತು ಬಿಡಿ, ಕೆಂಪು ಮಣ್ಣಿನ ಮಾತಾಡೋಣ. 2000ದ ದಶಕದಲ್ಲಿ ಸಂಡೂರಿನ ಗುಡ್ಡಗಳ ಅದಿರು ಲಾರಿ ಹತ್ತಿ, ಬಂದರು ಸೇರಿ, ಚೀನಾಕ್ಕೆ ಹೋಯಿತು. ಅವರ ಕಾರ್ಖಾನೆಗಳಲ್ಲಿ ಉಕ್ಕಾಯಿತು. ಇಲ್ಲಿ ಹೆಂಗಸರು ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆದರು, ಕೆಂಪು ಧೂಳು ಕುಡಿದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ದುಡ್ಡು ಮಾಡಿದವರು ಮಾಡಿಕೊಂಡಿದ್ದರು. ಅವತ್ತು ನನ್ನೆದುರು ಚೀನಾದ ಬುಟ್ಟಿ ತೆರೆದಿಟ್ಟ ದುಡ್ಡು ಆ ಮಣ್ಣಿನದೇ. ನಮ್ಮ ಗುಡ್ಡ ಚೀನಾಕ್ಕೆ ಹೋಯಿತು, ಚೀನಾದ ರುಚಿ ಅವರ ತಟ್ಟೆಗೆ ಬಂತು. ಅದಿರು ಒಡೆದ ಕೈಗೆ ಮಾತ್ರ ಕಾಗದದ ಕಪ್ಪು!

ಕಾನೂನಿಲ್ಲವೇ? ಇದೆ. ಹೋಟೆಲಿಗೆ ಪ್ರವೇಶ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ, 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. 1955ರ ಕಾಯ್ದೆಯ 4ನೇ ಕಲಮು ಹೋಟೆಲಿನ ಪಾತ್ರೆಯ ಮಾತನ್ನೇ ಬಿಡಿಸಿ ಹೇಳುತ್ತದೆ. ಅದರ ಶಿಕ್ಷೆ ಒಂದರಿಂದ ಆರು ತಿಂಗಳ ಜೈಲು, ನೂರರಿಂದ ಐನೂರು ರೂಪಾಯಿ ದಂಡ. ಅವತ್ತಿನ ಫೀನಿಕ್ಸಿನ ಬುಟ್ಟಿಗೆ ಬಿಲ್ಲಿನಲ್ಲಿ ಬರೆದಿದ್ದ ದುಡ್ಡು ಐನೂರನ್ನು ದಾಟಿತ್ತು.

ಹೊಳೆಯಾಚೆ ನೋಡಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲಿಗೆ, ಕ್ಷೌರದಂಗಡಿಗೆ ನಮ್ಮನ್ನೂ ಬಿಡಿ ಎಂದು ಕೇಳಿದ ದಲಿತರ ಗುಡಿಸಲುಗಳಿಗೆ 2014ರ ಆಗಸ್ಟ್ 28ರಂದು ಬೆಂಕಿ ಇಟ್ಟರು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಜನರಿಗೆ ಜೀವಾವಧಿ. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನ ಜಾಮೀನು ಪಡೆದರು. ಚಾದಂಗಡಿಯ ಬೆಂಚೆಂದರೆ ಸಣ್ಣ ಮಾತು ಎನ್ನುವವರು ಒಮ್ಮೆ ಮರಕುಂಬಿಯ ಹೆಸರು ಹೇಳಿಕೊಳ್ಳಲಿ.

'ಅಯ್ಯೋ, ಹೊಸಪೇಟೆಗೆ ಬಾರಪ್ಪ, ಅಲ್ಲಿ ಯಾರು ಜಾತಿ ಕೇಳತಾರ?' ಎನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಸಂಜೆ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತರೆ ಅಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ. ಆ ಗಾಡಿಗೆ ನನ್ನ ನಮಸ್ಕಾರ. ಕಾಲೇಜಿನ ದಿನಗಳಲ್ಲಿ ಪಕ್ಕದವನ ಭುಜಕ್ಕೆ ಭುಜ ತಾಗಿಸಿ ನಾನು ಹೆದರದೆ ತಿಂದದ್ದು ಅಲ್ಲೇ. ಆದರೆ ಅಲ್ಲಿ ನನ್ನನ್ನು ಬಿಟ್ಟುಕೊಂಡದ್ದು ಯಾಕೆ? ನಾನು ಯಾರೆಂದು ಗೊತ್ತಿಲ್ಲದ್ದಕ್ಕೆ. ಬೆಂಗಳೂರಿನ ದುಂಡು ಮೇಜಿನಲ್ಲಿ ಕೂರಿಸಿದ್ದು ಯಾಕೆ? ಕವಿಯೆಂಬ ಬಿಲ್ಲೆ ಇದ್ದುದಕ್ಕೆ. ಅದೇ ಸಾಹುಕಾರರು ನಮ್ಮೂರಿನ ಅವರ ಮನೆಯಲ್ಲಿ ಆ ದುಂಡು ಮೇಜು ಹಾಕಿ ನಮ್ಮಪ್ಪನನ್ನು ಕರೆಯುತ್ತಾರೇನು? ಗುರುತು ಮುಚ್ಚಿಟ್ಟು ಪಡೆದ ಸಮಾನತೆ ನನಗೆ ಬೇಡ. ನನ್ನಪ್ಪ ಯಾರು, ನನ್ನಜ್ಜ ಯಾರು, ನಮ್ಮ ಗುಡಿಸಲು ಯಾವುದು ಎಲ್ಲ ಗೊತ್ತಿರುವ ನಮ್ಮೂರಿನ ಬೆಂಚಿನ ಮೇಲೆಯೇ ನಾನು ಕೂರಬೇಕು. ಅಲ್ಲಿಯೇ ಲೋಟ ಎತ್ತಬೇಕು.

ಮೇಷ್ಟ್ರುಗಳೇ, ನಿಮಗೊಂದು ಮಾತು. ಶಾಲೆಯ ಬಿಸಿಯೂಟದ ಸಾಲು ನಿಮ್ಮ ಕೈಯಲ್ಲಿದೆ. ಮಕ್ಕಳನ್ನು ಕೇರಿವಾರು ಕೂರಲು ಬಿಡಬೇಡಿ. ನೀವೂ ಆ ಸಾಲಿನಲ್ಲೇ ಕೂತು ಉಣ್ಣಿ. ದಲಿತ ತಾಯಿ ಅಡುಗೆ ಮಾಡಿದರೆ ಮೊದಲ ತುತ್ತು ನಿಮ್ಮದಾಗಲಿ. ವಿದ್ಯಾರ್ಥಿ ಗೆಳೆಯರೆ, ರಜೆಗೆ ಊರಿಗೆ ಹೋದಾಗ ಚಾದಂಗಡಿಯ ಒಳಗೆ ಹೋಗಿ ಕೂಡ್ರಿ. ಒಬ್ಬರೇ ಹೋಗಬೇಡಿ, ಮೇಲ್ಜಾತಿಯ ಸ್ನೇಹಿತನನ್ನೂ ಕರೆದುಕೊಂಡು ಹೋಗಿ. ಅವನ ಪ್ರಗತಿಪರತೆ ಭಾಷಣದಲ್ಲಿ ಬೇಡ, ಒಂದು ಲೋಟದಲ್ಲಿ ತೋರಿಸಲಿ. ಕಾಗದದ ಕಪ್ಪು ಕೊಟ್ಟರೆ ಗಾಜಿನ ಲೋಟ ಕೇಳಿ. ಇಲ್ಲವೆಂದರೆ ಕಾಯ್ದೆಯ 4ನೇ ಕಲಮನ್ನು ಗಟ್ಟಿಯಾಗಿ ಓದಿ.

ನಮ್ಮೂರಿನ ಅಂಗಡಿಯವನು ಒಳಗಿಟ್ಟ ಗಾಜಿನ ಲೋಟಗಳು ಇನ್ನೂ ಒಡೆದಿಲ್ಲ. ಧೂಳು ಹಿಡಿದು ಕೂತಿವೆ. ಈ ಯುಗಾದಿಗೆ ಊರಿಗೆ ಹೋಗುತ್ತೇನೆ. ನಮ್ಮಪ್ಪನನ್ನು ಕರೆದುಕೊಂಡು ಅದೇ ಬೆಂಚಿನ ಮೇಲೆ ಕೂತು, 'ಅಣ್ಣಾ, ಒಳಗಿನ ಲೋಟ ತೆಗಿ, ಎರಡು ಚಾ ಕೊಡು' ಎನ್ನುತ್ತೇನೆ. ನಾವು ಕುಡಿದಿಟ್ಟ ಲೋಟವನ್ನು ಅವನು ತೊಳೆದು ಮುಂದಿನವನಿಗೆ ಕೊಡುವತನಕ ಅಲ್ಲಿಂದ ಏಳುವುದಿಲ್ಲ.